ತಾನಾಗಿ ಶುರುವಾಗುವ ಪ್ರೋಗ್ರಾಂಗೆ ಒಂದು ಸಾಲಿನ ವಿವರಣೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ಲಾಗಿನ್ ಆದ ಕೂಡಲೇ, ನಾವು ಯಾವುದನ್ನೂ ತೆರೆಯದಿದ್ದರೂ, ಹಲವು ಪ್ರೋಗ್ರಾಂಗಳು ತಾವಾಗಿಯೇ ಚಾಲೂ ಆಗುತ್ತವೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಳಸುವ ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಇವುಗಳನ್ನು ಪಟ್ಟಿ ಮಾಡಿ ತೋರಿಸುವ ಸ್ಟಾರ್ಟಪ್ ಅಪ್ಲಿಕೇಶನ್ಸ್ ಎಂಬ ಕಿಟಕಿಯಿದೆ. ಅದರಲ್ಲಿ ಪ್ರತಿಯೊಂದಕ್ಕೂ ಒಂದು ಹೆಸರು, ಕೆಳಗೆ ಒಂದು ಸಾಲಿನ ವಿವರಣೆ, ಪಕ್ಕದಲ್ಲಿ ಗುರುತು ಹಾಕುವ ಚೌಕ ಇರುತ್ತವೆ. ಸಾಮಾನ್ಯವಾಗಿ ಈ ಕಿಟಕಿಯನ್ನು ತೆರೆಯುವವರು ಕಂಪ್ಯೂಟರ್ ನಿಧಾನವಾಯಿತೆಂದು ಬೇಸತ್ತು, ಯಾವುದನ್ನು ನಿಲ್ಲಿಸಬಹುದೆಂದು ಹುಡುಕುತ್ತಿರುತ್ತಾರೆ. ಆದ್ದರಿಂದ ಆ ಸಾಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಇದನ್ನು ನಿಲ್ಲಿಸಿದರೆ ನನ್ನ ಯಾವ ಕೆಲಸ ಕೆಡುತ್ತದೆ?

ಬಹಳಷ್ಟು ವಿವರಣೆಗಳು ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಪಲ್ಸ್‌ಆಡಿಯೋ ಸೌಂಡ್ ಸಿಸ್ಟಮ್ ಎಂಬ ಹೆಸರಿನ ಕೆಳಗೆ 'ಪಲ್ಸ್‌ಆಡಿಯೋ ಸೌಂಡ್ ಸಿಸ್ಟಮನ್ನು ಆರಂಭಿಸು' ಎಂಬ ಅರ್ಥದ ಸಾಲಿತ್ತು. ಅದು ಆರಂಭವಾಗುತ್ತದೆ ಎಂಬುದು ಪಟ್ಟಿಯಲ್ಲಿ ಇರುವುದರಿಂದಲೇ ತಿಳಿಯುತ್ತದೆ. ಸ್ಪೀಕರ್ ಮತ್ತು ಮೈಕಿಗೆ ಇದು ಬೇಕು ಎಂದಿದ್ದರೆ ಯಾರೂ ಅದರ ಗುರುತನ್ನು ಅಳಿಸುತ್ತಿರಲಿಲ್ಲ. ಪ್ರಿಂಟ್ ಕ್ಯೂ ಆಪ್ಲೆಟ್ ಎಂಬ ಪುಟ್ಟ ಪ್ರೋಗ್ರಾಂನ ವಿವರಣೆ ಕೊಂಚ ವಾಸಿ: ಮುದ್ರಣ ಕೆಲಸಗಳನ್ನು ನಿರ್ವಹಿಸುವ ಚಿಹ್ನೆ ಎಂದು ಅದು ಹೇಳುತ್ತದೆ. ಆದರೆ ಮುದ್ರಣ ನಡೆಸುವುದು ಕಪ್ಸ್ ಎಂಬ ಬೇರೆಯೇ ಸೇವೆ, ಆಪ್ಲೆಟ್ ನಿಂತರೂ ಕಾಗದ ಹೊರಬರುತ್ತದೆ ಎಂಬ ಧೈರ್ಯವನ್ನು ಅದು ಕೊಡುವುದಿಲ್ಲ. 'ಮುದ್ರಣದ ಸ್ಥಿತಿಯನ್ನು ತೋರಿಸುತ್ತದೆ. ಇದಿಲ್ಲದೆಯೂ ಮುದ್ರಿಸಬಹುದು' ಎಂದರೆ ಸಾಕಾಗಿತ್ತು.

ಪಾಸ್‌ವರ್ಡ್‌ಗಳನ್ನು ಕಾಪಾಡುವ ಗ್ನೋಮ್ ಕೀರಿಂಗಿನದಂತೂ ತನ್ನ ಘಟಕದ ಹೆಸರನ್ನೇ ವಿವರಣೆಯೆಂದು ಬರೆದುಕೊಂಡಿದೆ. ಇಂಥವುಗಳನ್ನು ವಿವರಿಸುವ ಬದಲು, ನೋಡಿಸ್ಪ್ಲೇ ಎಂಬ ಸೂಚನೆಯಿಂದ ಪಟ್ಟಿಯಲ್ಲಿ ಕಾಣದಂತೆ ಮಾಡುವುದೂ ಉಂಟು. ಗೊತ್ತಿಲ್ಲದವರು ಮುಟ್ಟಬಾರದೆಂಬ ಕಾಳಜಿ ಅರ್ಥವಾಗುತ್ತದೆ. ಆದರೂ ತನ್ನ ಕಂಪ್ಯೂಟರಿನಲ್ಲಿ ಏನು ನಡೆಯುತ್ತಿದೆಯೆಂದು ಬಳಸುವವನಿಗೆ ಬಚ್ಚಿಡುವುದು ಬರವಣಿಗೆಯ ಸೋಮಾರಿತನವೇ ಎಂದು ನನ್ನ ಅಭಿಪ್ರಾಯ.

ಈ ವಿವರಣೆಗಳು ಸರಳ ಪಠ್ಯದ ಕಡತಗಳಲ್ಲಿರುತ್ತವೆ. ಕಾಮೆಂಟ್ ಎಂಬ ಪದದ ಮುಂದೆ ಚೌಕ ಆವರಣದಲ್ಲಿ ಕನ್ನಡದ ಸಂಕೇತವಾದ 'ಕೆಎನ್' ಅಕ್ಷರಗಳನ್ನು ಬರೆದು, ಅನುವಾದವನ್ನು ಅಲ್ಲೇ ಸೇರಿಸಬಹುದು. ನಮ್ಮ ಭಾಷೆಯಲ್ಲಿ ಬರೆಯುವವರು ಒಂದು ವಿಷಯವನ್ನು ಗಮನಿಸಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕಿಟಕಿ ಕಿರಿದಾಗಿದ್ದರೆ ಕತ್ತರಿಸಿಹೋಗುವುದೂ ಕೊನೆಯ ಭಾಗವೇ. 'ನಿಮ್ಮ ಖಾತೆಗೆ ಸಂಬಂಧಿಸಿದ ವಿವಿಧ ಸೇವೆಗಳ ಪಾಸ್‌ವರ್ಡ್‌ಗಳನ್ನು' ಎಂಬಲ್ಲಿಗೆ ಸಾಲು ತುಂಡಾದರೆ, ಅವನ್ನು ಉಳಿಸುತ್ತದೆಯೋ ಅಳಿಸುತ್ತದೆಯೋ ಓದುಗನಿಗೆ ತಿಳಿಯದು. 'ಪಾಸ್‌ವರ್ಡ್ ನೆನಪಿಡುತ್ತದೆ' ಎಂದು ಮೊದಲು ಬರೆದು, ಯಾವುದರ ಪಾಸ್‌ವರ್ಡ್ ಎಂಬ ವಿವರವನ್ನು ಆಮೇಲೆ ಸೇರಿಸುವುದು ಲೇಸು.