ಪೆಟ್ಟಿಗೆಯೊಳಗಿನ ಮಳೆಗಾಲ: ಕಾಗದ, ಫೆಲ್ಟ್ ಮತ್ತು ಗುಜರಿಯಿಂದ ಹಬ್ಬದ ಅಲಂಕಾರ

ಸಭೆಯಲ್ಲಿರುವ ಹಿರಿಯರಿಗೂ ಗೆಳತಿಯರಿಗೂ ಶಾಲೆಗಳಿಂದ ಬಂದಿರುವ ಶಿಕ್ಷಕರಿಗೂ ನಮಸ್ಕಾರ.

ಹಬ್ಬದ ಅಲಂಕಾರವನ್ನು ಮನೆಯಲ್ಲೇ ಮಾಡಿಕೊಳ್ಳುವ ಕುರಿತು ಮಾತನಾಡುವವರು ಸಾಮಾನ್ಯವಾಗಿ ಎತ್ತದ ಒಂದು ಪ್ರಶ್ನೆಯಿಂದ ನಾನು ಆರಂಭಿಸುತ್ತೇನೆ. ಜಗಲಿಯಲ್ಲಿ ಹತ್ತು ಹದಿನೈದು ದಿನ ತೂಗುವ ಕಾಗದದ ನಕ್ಷತ್ರವು ವರ್ಷದ ಉಳಿದ ದಿನಗಳನ್ನು ಎಲ್ಲಿ ಕಳೆಯುತ್ತದೆ? ಪೆಟ್ಟಿಗೆಯಲ್ಲಿ ಎಂದು ನೀವು ಹೇಳುತ್ತೀರಿ. ಬಯಲುಸೀಮೆಯಲ್ಲಿ ಆ ಉತ್ತರಕ್ಕೆ ಮಾತು ಮುಗಿಯಿತು. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕೊಡಗಿನ ಮಡಿಕೇರಿಯಂಥ ಊರಿನಲ್ಲಿ, ಜುಲೈ-ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ, ಅಲಂಕಾರದ ವಸ್ತುವನ್ನು ಮಾಡುವವರು ಹಬ್ಬದ ದಿನಕ್ಕಿಂತ ಮೊದಲು ಮುಂದಿನ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದೇ ನನ್ನ ವಾದ.

ನಮ್ಮ ನಾಡಿನ ಹಳೆಯ ಹಬ್ಬಗಳಿಗೆ ಈ ಚಿಂತೆ ಇರಲಿಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಗೆ ‘ನೆರೆ’ ಎಂಬ ಕಟ್ಟಾಗಿ ಕಟ್ಟುವ ಐದು ಬಗೆಯ ಎಲೆಗಳಾಗಲಿ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಗೆ ಸಿಕ್ಕಿಸುವ ತೋಕ್ ಪೂ, ಅಂದರೆ ಅಗ್ನಿಶಿಖೆಯ ಹೂವಾಗಲಿ ತೋಟದಿಂದ ಬಂದು ಮಣ್ಣಿಗೆ ಮರಳುತ್ತವೆ. ಅವುಗಳನ್ನು ಎತ್ತಿಡುವ ಪ್ರಶ್ನೆಯೇ ಏಳುವುದಿಲ್ಲ. ಪೂಜೆಯ ಜಾಗದಲ್ಲಿ ಅವುಗಳ ಬದಲಿಗೆ ಕಾಗದವನ್ನು ತಂದಿಡಿ ಎಂದು ನಾನು ಯಾರಿಗೂ ಹೇಳುವವಳಲ್ಲ. ನಾನು ಹೇಳುತ್ತಿರುವುದು ಜಗಲಿ, ಕಿಟಕಿ, ಶಾಲೆಯ ವೇದಿಕೆ, ಕ್ರಿಸ್ಮಸ್ಸಿನ ಗೋದಲಿ, ದೀಪಾವಳಿಯ ಗೂಡುದೀಪ ಇವುಗಳ ಮಾತು. ಈ ಜಾಗಗಳನ್ನು ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಬಾವುಟಗಳು ಬಹುಕಾಲ ಆಕ್ರಮಿಸಿಕೊಂಡಿದ್ದವು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಬಾವುಟ ಎರಡೂ ಇವೆ. ಮಿನುಗುಪುಡಿಯೂ ಪ್ಲಾಸ್ಟಿಕ್ಕೇ ಎಂಬುದನ್ನು ಮಾತ್ರ ನಾವು ಮರೆತಂತಿದೆ.

ಮೊದಲು ಕಾಗದ. ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು, ಅನಂತರ ಅಡ್ಡಕ್ಕೆ ಹರಿದು ನೋಡಿ. ಒಂದು ದಿಕ್ಕಿನಲ್ಲಿ ಅದು ನೇರವಾಗಿ ಸೀಳುತ್ತದೆ, ಇನ್ನೊಂದರಲ್ಲಿ ಸೊಟ್ಟಸೊಟ್ಟಗೆ ಹಲ್ಲುಹಲ್ಲಾಗಿ ಹರಿಯುತ್ತದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳಲ್ಲಿ ಹೆಚ್ಚಿನವು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ನೇರವಾಗಿ ಸೀಳಿದ್ದು ಆ ದಿಕ್ಕು. ತೇವ ಹೀರಿದ ನಾರು ಉದ್ದಕ್ಕೆ ಹಿಗ್ಗುವುದಕ್ಕಿಂತ ಬಹಳ ಹೆಚ್ಚಾಗಿ ದಪ್ಪಕ್ಕೆ ಹಿಗ್ಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹಾಳೆ ಬೆಳೆಯುವುದು, ಬಾಗುವುದು, ಅಲೆಅಲೆಯಾಗುವುದು ಎಲ್ಲವೂ ಮುಖ್ಯವಾಗಿ ನಾರಿಗೆ ಅಡ್ಡವಾದ ದಿಕ್ಕಿನಲ್ಲಿ. ತೋರಣಕ್ಕೆ ಪಟ್ಟಿ ಕತ್ತರಿಸುವಾಗ ನಾರು ಪಟ್ಟಿಯ ಉದ್ದಕ್ಕೆ ಇದ್ದರೆ ಅದು ಜೋತುಬೀಳುವುದು ಕಡಿಮೆ. ಮಡಿಕೆ ಹಾಕುವಾಗ ನಾರಿನ ಗುಂಟ ಮಡಿಸಿದರೆ ಗೆರೆ ಚೊಕ್ಕವಾಗಿ ಬರುತ್ತದೆ, ದಪ್ಪ ಕಾರ್ಡು ಬಿರಿಯುವುದಿಲ್ಲ. ಮಕ್ಕಳಿಗೆ ಕತ್ತರಿ ಕೊಡುವ ಮೊದಲು ಈ ಒಂದು ಪಾಠವನ್ನು ಹೇಳಿಕೊಟ್ಟರೆ ಸಾಕು, ಅರ್ಧ ಕೆಲಸ ಆದಂತೆ.

ಅಂಟಿನ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಮೈದಾ ಅಂಟು ಅಗ್ಗ, ಕೈಗೆ ಹಿತ. ಆದರೆ ಬೂಷ್ಟಿಗೂ, ಹಳೆಯ ಪುಸ್ತಕಗಳಲ್ಲಿ ಸರಕ್ಕನೆ ಓಡುವ ಆ ಬೆಳ್ಳಿಬಣ್ಣದ ಹುಳುಗಳಿಗೂ ಅದಕ್ಕಿಂತ ರುಚಿಯಾದ ಊಟವಿಲ್ಲ. ಹಿಂದೆ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಹಾಕುವ ರೂಢಿಯಿತ್ತು. ಕಾಫಿ, ಮೆಣಸಿಗೆ ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ತೋಟದ ಮನೆಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದು ವಿಷ. ಮಕ್ಕಳು ಕೈಯಾಡಿಸುವ ಅಂಟಿಗೆ ಅದನ್ನು ಬೆರೆಸಬಾರದು. ಹೆಚ್ಚುಕಾಲ ಉಳಿಯಬೇಕಾದ ವಸ್ತುವನ್ನು ಅಂಟಿಸುವ ಬದಲು ಸೂಜಿದಾರದಿಂದ ಹೊಲಿಯುವುದು, ಸಾಧ್ಯವಾದರೆ ಒಂದರೊಳಗೊಂದು ಸಿಕ್ಕಿಸಿ ನಿಲ್ಲಿಸುವುದು ಮೇಲು. ಹೊಲಿದದ್ದನ್ನು ಬಿಚ್ಚಿ ಚಪ್ಪಟೆಯಾಗಿ ಎತ್ತಿಡಬಹುದು. ಅಂಟಿಸಿದ್ದನ್ನು ಬಿಚ್ಚಲು ಹೋದರೆ ಹರಿಯುತ್ತದೆ.

ಬಿಚ್ಚಿ ಜೋಡಿಸುವ ಈ ಯೋಚನೆ ಹೊಸದೇನಲ್ಲ. ಇಂದು ನಮ್ಮ ಕ್ರೈಸ್ತ ಮನೆಗಳ ಮುಂದೆ ಡಿಸೆಂಬರಿನಲ್ಲಿ ತೂಗುವ ನಕ್ಷತ್ರಗಳ ಹಲವು ಪೂರ್ವಜರಲ್ಲಿ ಒಂದು ಹುಟ್ಟಿದ್ದು 1830ರ ದಶಕದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಶಾಲೆಯ ರೇಖಾಗಣಿತದ ಪಾಠದಲ್ಲಿ. ಗೋಪುರದಂತೆ ಚೂಪಾದ ಕಾಗದದ ಮೊನೆಗಳನ್ನು ಒಂದು ನಡುಗಟ್ಟಿನ ಸುತ್ತ ಕೂಡಿಸಿದ ನಕ್ಷತ್ರ ಅದು. 1897ರಲ್ಲಿ ಪೀಟರ್ ವರ್ಬೀಕ್ ಎಂಬವರು ಅದನ್ನು ಬಿಡಿಬಿಡಿಯಾಗಿ ಕಳಚಿ ಮತ್ತೆ ಕಟ್ಟುವಂತೆ ರೂಪಿಸಿದರು. ಇಂದಿನ ಮಾದರಿಯಲ್ಲಿ ನಾಲ್ಕು ಬದಿಯ 17, ಮೂರು ಬದಿಯ 8, ಒಟ್ಟು 25 ಮೊನೆಗಳಿವೆ. ಒಂದು ಮೊನೆ ಹಾಳಾದರೆ ಅದೊಂದನ್ನೇ ಹೊಸದಾಗಿ ಮಾಡಿಕೊಂಡರಾಯಿತು. ನಮ್ಮ ಮದುವೆಯ ಕರೆಯೋಲೆಗಳ ದಪ್ಪ ಕಾರ್ಡು ಇಂಥ ಮೊನೆಗಳಿಗೆ ಹೇಳಿಮಾಡಿಸಿದಂತಿದೆ, ಮತ್ತು ಮದುವೆಯ ಕಾಲ ಮುಗಿದ ಮೇಲೆ ಕರೆಯೋಲೆಗಳಿಗೆ ಯಾವ ಮನೆಯಲ್ಲಿಯೂ ಬರವಿರುವುದಿಲ್ಲ. ಒಳಗೆ ಸಣ್ಣ ಎಲ್‌ಇಡಿ ದೀಪವನ್ನೇ ಇಡಿ, ಮೇಣದಬತ್ತಿ ಬೇಡ.

ಕ್ರೇಪ್ ಕಾಗದದಲ್ಲಿ ತೋಕ್ ಪೂ ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಗುಲಾಬಿ ಮಾಡಿ ಮಾಡಿ ಬೇಸರ ಬಂದಿದೆ. ಈ ಹೂವಿಗೆ ಆರು ಉದ್ದನೆಯ ಎಸಳು, ಬುಡ ಹಳದಿ, ತುದಿ ಕೆಂಪು, ಅಂಚು ಅಲೆಅಲೆ, ಎಲ್ಲವೂ ಹಿಂದಕ್ಕೆ ಬಾಗಿ ಮೇಲಕ್ಕೆ ಎದ್ದಿರುತ್ತವೆ. ಕ್ರೇಪ್ ಕಾಗದವು ತನ್ನ ಸುಕ್ಕಿನ ಗೆರೆಗಳಿಗೆ ಅಡ್ಡವಾಗಿ ಮಾತ್ರ ಹಿಗ್ಗುತ್ತದೆ. ಗುಲಾಬಿಯ ಎಸಳಿನಲ್ಲಿ ಸುಕ್ಕು ಉದ್ದಕ್ಕೆ ಇರಬೇಕು. ಇಲ್ಲಿ ಅಲೆ ಮೂಡಬೇಕಾದದ್ದು ಪಕ್ಕದ ಅಂಚುಗಳಲ್ಲಿ, ಆದ್ದರಿಂದ ಸುಕ್ಕು ಎಸಳಿಗೆ ಅಡ್ಡವಾಗಿ ಬರುವಂತೆ ಕತ್ತರಿಸಬೇಕು. ಅನಂತರ ಹೆಬ್ಬೆರಳು ತೋರುಬೆರಳಿನ ನಡುವೆ ಅಂಚನ್ನು ಹಿಡಿದು ಇಷ್ಟಿಷ್ಟೇ ಜಗ್ಗುತ್ತಾ ಹೋದರೆ ಅಲೆ ತಾನಾಗಿ ಏಳುತ್ತದೆ. ಹೀಗೆ ಕತ್ತರಿಸಿದ ಎಸಳು ಮೆತ್ತಗಾಗುವುದರಿಂದ ನಡುವೆ ಒಂದು ತಂತಿ ಬೇಕು. ಕಬ್ಬಿಣದ ತಂತಿ ನಮ್ಮ ಹವೆಯಲ್ಲಿ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿಡುತ್ತದೆ. ಗುಜರಿ ಅಂಗಡಿಯಲ್ಲಿ ಸಿಗುವ ಸುಟ್ಟ ಮೋಟಾರಿನ ತಾಮ್ರದ ತಂತಿ ಉತ್ತಮ. ನಿಜವಾದ ತೋಕ್ ಪೂವಿನ ಗಿಡ, ಅದರಲ್ಲೂ ಗೆಡ್ಡೆ, ವಿಷಕಾರಿಯಾದದ್ದರಿಂದ ಶಾಲೆಯ ಮಕ್ಕಳ ಕೈಗೆ ಕಾಗದದ ಹೂವನ್ನು ಕೊಡುವುದು ಇನ್ನೊಂದು ದೃಷ್ಟಿಯಿಂದಲೂ ಒಳ್ಳೆಯದು.

ಇನ್ನು ಫೆಲ್ಟ್. ನಮ್ಮ ಕಂಬಳಿ ನೇಯ್ದದ್ದು, ಫೆಲ್ಟ್ ನೇಯದೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮವಾದ ಪೊರೆಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಿಡಿಸಲಾಗದಂತೆ ಗಟ್ಟಿಯಾಗುತ್ತವೆ. ಅದಕ್ಕೇ ಫೆಲ್ಟನ್ನು ಹೇಗೆ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ, ಮಡಿಸಿ ಹೊಲಿಯಬೇಕಾದ ಅಗತ್ಯವಿಲ್ಲ. ಅಂಗಡಿಯಲ್ಲಿ ಫೆಲ್ಟ್ ಶೀಟ್ ಎಂದು ಮಾರುವುದು ಬಹುಪಾಲು ಪಾಲಿಯೆಸ್ಟರ್, ಅಂದರೆ ಮತ್ತೆ ಪ್ಲಾಸ್ಟಿಕ್. ಆದರೆ ಚಳಿಯ ಊರಿನವರಾದ ನಮಗೆ ಬೇರೆ ದಾರಿಯಿದೆ: ಮೊಣಕೈ ತೂತಾದ ಹಳೆಯ ಸ್ವೆಟರು. ಅದರಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್, ಅದನ್ನು ಬಿಟ್ಟುಬಿಡಿ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ತಿಕ್ಕಿ ಒಗೆದರೆ, ನಾವೆಲ್ಲ ಅಮ್ಮಂದಿರಿಂದ ಬೈಸಿಕೊಂಡ ಆ ಅನಾಹುತವೇ ಇಲ್ಲಿ ಬೇಕಾದ ಫಲ: ಬಟ್ಟೆ ಕುಗ್ಗಿ, ದಪ್ಪಗಾಗಿ, ಹೆಣಿಗೆಯ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಕುಗ್ಗದಂತೆ ಮೊದಲೇ ಸಂಸ್ಕರಿಸಿದ ಉಣ್ಣೆಯಾದರೆ ಮಾತ್ರ ಏನೂ ಆಗುವುದಿಲ್ಲ. ಆ ಬಟ್ಟೆಯಲ್ಲಿ ಗೋದಲಿಯ ಕುರಿಮರಿ, ಕೆಂಪು ಕಾಫಿಹಣ್ಣಿನ ಗೊಂಚಲು, ಮೆಣಸಿನ ಬಳ್ಳಿ ಏನನ್ನಾದರೂ ಕತ್ತರಿಸಬಹುದು.

ಗುಜರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದವರಿಗೆ ಕಣ್ಣಿದ್ದರೆ ಸಾಕು. ಸೀರೆಯ ಜರಿ ಅಂಚು, ಜೋಡಿ ಕಳೆದ ಬಳೆ, ಕಾಫಿಯ ಗೋಣಿಚೀಲ ಇವೆಲ್ಲ ಬಳಕೆಗೆ ಬರುತ್ತವೆ. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕಿನ ಎಲೆ ಒಣಗಿದ ಮೇಲೂ ಅದರ ಹಿಂಬದಿಯ ಬೆಳ್ಳಿಬಣ್ಣ ಉಳಿಯುತ್ತದೆ. ಅದಕ್ಕೆ ಬಣ್ಣ ಬಳಿಯುವುದು ನನ್ನ ದೃಷ್ಟಿಯಲ್ಲಿ ಅಪಚಾರ.

ಕೊನೆಯದಾಗಿ ಎತ್ತಿಡುವ ಕ್ರಮ. ದಸರೆಗೆ, ದೀಪಾವಳಿಗೆ ಕಟ್ಟಿದ್ದನ್ನು ಹಬ್ಬದ ಮರುದಿನವೇ ಡಬ್ಬಕ್ಕೆ ತುಂಬಬೇಡಿ. ಆಗ ಗಾಳಿಯಲ್ಲಿ ಮಳೆಯ ಪಸೆ ಇನ್ನೂ ಇರುತ್ತದೆ, ಮುಚ್ಚಳ ಹಾಕಿದರೆ ಆ ಪಸೆಯನ್ನೂ ಜೊತೆಗೆ ಕೂಡಿಹಾಕಿದಂತೆ. ಜನವರಿ ಕಳೆಯುವವರೆಗೆ ಒಳಮನೆಯಲ್ಲಿ ತೂಗಿಬಿಟ್ಟಿದ್ದು, ಒಣಹವೆಯ ಒಂದು ಮಧ್ಯಾಹ್ನ ತಗಡಿನ ಬಿಸ್ಕೆಟ್ ಡಬ್ಬದಲ್ಲಿಟ್ಟು, ಔಷಧದ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಾಣಲೆಯಲ್ಲಿ ಹದವಾಗಿ ಬೆಚ್ಚಗೆ ಮಾಡಿ ಹಾಕಿ, ಮುಚ್ಚಳದ ಸುತ್ತ ಟೇಪು ಸುತ್ತಬೇಕು. ಉಣ್ಣೆಯನ್ನು ನುಸಿ ತಿನ್ನುವುದರಿಂದ ಅದಕ್ಕೆ ಬೇರೆ ಡಬ್ಬ ಇರಲಿ. ಮಳೆಗಾಲದ ನಡುವೆ ಹೇಗಿದೆಯೋ ನೋಡೋಣವೆಂದು ಮುಚ್ಚಳ ತೆಗೆಯಬಾರದು. ಕುಗ್ಗಿದ ಸ್ವೆಟರಿನ ತುಂಡುಗಳನ್ನೂ ಬಿಡಿಸಿದ ನಕ್ಷತ್ರವೊಂದನ್ನೂ ಆ ಮೇಜಿನ ಮೇಲೆ ಇಟ್ಟಿದ್ದೇನೆ. ಮುಟ್ಟಿ ನೋಡಿ, ಪ್ರಶ್ನೆಗಳಿದ್ದರೆ ಕೇಳಿ.