ಚೌಕಟ್ಟು ಹಳೆಯದು, ಸರಕು ಹೊಸದು: ಸಾಕುಪ್ರಾಣಿ ಮತ್ತು ಪರಿಸರದ ಪ್ಲಾಸ್ಮಿಡ್‌ಗಳ ವೈವಿಧ್ಯ

ಮಾನ್ಯರೇ,

ಪ್ರಯೋಗಾಲಯದ ಒಂದು ಸರಳ ಕೆಲಸದಿಂದಲೇ ಮಾತು ಆರಂಭಿಸುತ್ತೇನೆ. ಹಂದಿ ಸಾಕಣೆಯಿಂದ ತಂದ ಒಂದಿಷ್ಟು ಗೊಬ್ಬರವನ್ನು ಉಪ್ಪುನೀರಿನಲ್ಲಿ ಕದಡಿ, ಅದರೊಳಗಿನ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಅವುಗಳ ಜೊತೆ ನಾವೇ ಬೆಳೆಸಿದ ತಳಿಯೊಂದನ್ನು ಬೆರೆಸುತ್ತೇವೆ. ಈ ತಳಿ ರಿಫಾಂಪಿಸಿನ್ ಔಷಧವನ್ನು ತಾಳಿಕೊಳ್ಳುತ್ತದೆ, ಆದರೆ ಟೆಟ್ರಾಸೈಕ್ಲಿನ್‌ಗೆ ಬಲಿಯಾಗುತ್ತದೆ. ಮಿಶ್ರಣವನ್ನು ತೆಳುವಾದ ಸೋಸುಹಾಳೆಯ ಮೇಲಿಳಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಎರಡೂ ಔಷಧಗಳಿರುವ ಅಗರ್ ತಟ್ಟೆಗೆ ಸವರಿದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಮೂಡುತ್ತದೆ. ಪರೀಕ್ಷಿಸಿ ನೋಡಿದಾಗ ಅವುಗಳಲ್ಲಿ ಹಲವು ನಮ್ಮ ತಳಿಯವೇ ಆಗಿರುತ್ತವೆ. ಗೊಬ್ಬರದಲ್ಲಿದ್ದ ಯಾವುದೋ ಬ್ಯಾಕ್ಟೀರಿಯಾ ಬೆಳಗಾಗುವಷ್ಟರಲ್ಲಿ ಪ್ರತಿರೋಧದ ಜೀನ್ ಹೊತ್ತ ಡಿಎನ್‌ಎ ಉಂಗುರವೊಂದನ್ನು ಅವಕ್ಕೆ ದಾಟಿಸಿದೆ. ಕೊಟ್ಟದ್ದು ಯಾರೆಂಬುದು ಗೊತ್ತಾಗುವುದಿಲ್ಲ, ಕೊಟ್ಟ ವಸ್ತು ಮಾತ್ರ ಕೈಗೆ ಸಿಗುತ್ತದೆ. ಆ ವಸ್ತುವೇ ಪ್ಲಾಸ್ಮಿಡ್. 1952ರಲ್ಲಿ ಜೋಶುವಾ ಲೆಡರ್‌ಬರ್ಗ್ ಈ ಹೆಸರನ್ನು ಬಳಕೆಗೆ ತಂದರು.

ಗೊಬ್ಬರದಲ್ಲಿ, ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ ಎಷ್ಟು ಬಗೆಯ ಪ್ಲಾಸ್ಮಿಡ್‌ಗಳಿವೆ ಎಂದು ಕೇಳುವ ಮೊದಲು, ಎರಡು ಪ್ಲಾಸ್ಮಿಡ್‌ಗಳು ಒಂದೇ ಬಗೆಯವು ಎಂದು ಯಾವಾಗ ಹೇಳಬೇಕು ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಈ ಪ್ರಶ್ನೆ ಕಾಣುವಷ್ಟು ಸುಲಭದ್ದಲ್ಲ. ಪ್ಲಾಸ್ಮಿಡ್‌ನಲ್ಲಿ ಸ್ಥೂಲವಾಗಿ ಎರಡು ಭಾಗಗಳಿವೆ. ತನ್ನ ಪ್ರತಿ ತೆಗೆದುಕೊಳ್ಳುವ, ಕೋಶ ಒಡೆದಾಗ ಎರಡೂ ಮರಿಕೋಶಗಳಿಗೆ ಹಂಚಿಹೋಗುವ, ನೆರೆಯ ಕೋಶಕ್ಕೆ ದಾಟುವ ಕೆಲಸಗಳನ್ನು ನೋಡಿಕೊಳ್ಳುವ ಜೀನ್‌ಗಳದು ಚೌಕಟ್ಟು. ಔಷಧ ಪ್ರತಿರೋಧ, ಪಾದರಸ ಅಥವಾ ತಾಮ್ರವನ್ನು ತಾಳುವ ಶಕ್ತಿ ಮೊದಲಾದವು ಅದರ ಮೇಲೆ ಹೇರಿದ ಸರಕು. ಪ್ರತಿ ತೆಗೆಯುವ ವ್ಯವಸ್ಥೆ ಒಂದೇ ಆಗಿರುವ ಎರಡು ಪ್ಲಾಸ್ಮಿಡ್‌ಗಳು ಒಂದೇ ಕೋಶದಲ್ಲಿ ಬಹುಕಾಲ ಒಟ್ಟಿಗೆ ಬಾಳಲಾರವು. ಈ ಹೊಂದಾಣಿಕೆಯಿಲ್ಲದ ಗುಣವನ್ನೇ ಆಧಾರವಾಗಿಟ್ಟುಕೊಂಡು ಅವುಗಳನ್ನು ಐಎನ್‌ಸಿ (ಇನ್‌ಕಂಪ್ಯಾಟಿಬಿಲಿಟಿ, ಅಂದರೆ ಹೊಂದಾಣಿಕೆಯಿಲ್ಲದಿರುವಿಕೆ) ಗುಂಪುಗಳಾಗಿ ವಿಂಗಡಿಸಲಾಗಿದೆ. ಅಂದರೆ ವರ್ಗೀಕರಣ ನಿಂತಿರುವುದು ಚೌಕಟ್ಟಿನ ಮೇಲೆ, ನಮ್ಮನ್ನು ಕಾಡುವುದು ಸರಕು.

ಇವೆರಡರ ವಯಸ್ಸಿನ ಅಂತರವನ್ನು ತೋರಿಸುವ ಅಪರೂಪದ ಸಾಕ್ಷ್ಯವೊಂದಿದೆ. ಎವೆರಿಟ್ ಮರ್ರೆ ಎಂಬ ವಿಜ್ಞಾನಿ 1917ರಿಂದ 1954ರವರೆಗೆ ಕರುಳಿನ ಬ್ಯಾಕ್ಟೀರಿಯಾಗಳನ್ನು ಸಂಗ್ರಹಿಸಿ ಜೋಪಾನವಾಗಿಟ್ಟಿದ್ದರು. ಅವುಗಳಲ್ಲಿ ಹೆಚ್ಚಿನವು ಆಂಟಿಬಯಾಟಿಕ್‌ಗಳು ಬಳಕೆಗೆ ಬರುವ ಮೊದಲಿನವು. ನವೋಮಿ ದತ್ತಾ ಮತ್ತು ವಿಕ್ಟೋರಿಯಾ ಹ್ಯೂಸ್ ಅವರು 1983ರಲ್ಲಿ ಈ ಸಂಗ್ರಹದ 433 ತಳಿಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಸುಮಾರು ಕಾಲು ಭಾಗದಷ್ಟು ತಳಿಗಳಿಗೆ ಡಿಎನ್‌ಎ ದಾಟಿಸುವ ಸಾಮರ್ಥ್ಯವಿತ್ತು, ಗುಂಪುಗಳೂ ಇಂದಿನವೇ, ಆದರೆ ಪ್ರತಿರೋಧದ ಜೀನ್‌ಗಳು ಇರಲಿಲ್ಲವೆನ್ನುವಷ್ಟು ವಿರಳವಾಗಿದ್ದವು. ಗಾಡಿಗಳು ಮೊದಲೇ ಓಡಾಡುತ್ತಿದ್ದವು, ನಾವು ಸರಕು ತುಂಬಿಸಿದೆವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಮುಖ್ಯ ಪ್ರಯೋಗ ಇದೇ.

ಸರಕು ಗಾಡಿಯಿಂದ ಗಾಡಿಗೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಎಂಸಿಆರ್-1 ಜೀನ್ ಒಳ್ಳೆಯ ನಿದರ್ಶನ. ಬೇರೆ ಔಷಧಗಳು ಸೋತಾಗ ವೈದ್ಯರು ಕೊನೆಯದಾಗಿ ಬಳಸುವ ಕೊಲಿಸ್ಟಿನ್‌ಗೆ ಪ್ರತಿರೋಧ ಕೊಡುವ ಈ ಜೀನ್, ಶಾಂಘೈನ ಹಂದಿ ಸಾಕಣೆಯೊಂದರ ಇ. ಕೋಲಿಯಲ್ಲಿ ಮೊದಲು ಗುರುತಿಸಲ್ಪಟ್ಟು 2015ರ ನವೆಂಬರ್‌ನಲ್ಲಿ ವರದಿಯಾಯಿತು. ಅಂದು ಅದು ಕುಳಿತಿದ್ದುದು ಐಎನ್‌ಸಿ-ಐ2 ಗುಂಪಿನ, ಸುಮಾರು 64 ಸಾವಿರ ಡಿಎನ್‌ಎ ಅಕ್ಷರಜೋಡಿಗಳ (ಬೇಸ್ ಪೇರ್) ಪ್ಲಾಸ್ಮಿಡ್‌ನಲ್ಲಿ. ಮುಂದೆ ಹುಡುಕಿದಲ್ಲೆಲ್ಲ ಅದೇ ಜೀನ್ ಸಿಕ್ಕಿತು. ಒಮ್ಮೆ ಸುಮಾರು 33 ಸಾವಿರ ಅಕ್ಷರಜೋಡಿಗಳ ಪುಟ್ಟ ಐಎನ್‌ಸಿ-ಎಕ್ಸ್4ರಲ್ಲಿ, ಇನ್ನೊಮ್ಮೆ ಎರಡು ಲಕ್ಷಕ್ಕೂ ಮೀರಿದ ಐಎನ್‌ಸಿ-ಎಚ್‌ಐ2ರಲ್ಲಿ. ಜೀನ್‌ನ ಎರಡೂ ಮಗ್ಗುಲಲ್ಲಿ ನೆಗೆಯುವ ಡಿಎನ್‌ಎ ತುಣುಕಿನ ಒಂದೊಂದು ಪ್ರತಿ ಇದ್ದರೆ ಇಡೀ ಗಂಟು ಬೇರೆಡೆಗೆ ಹಾರುತ್ತದೆ. ಹಾರಿದ ಮೇಲೆ ಆ ತುಣುಕುಗಳು ಕಳಚಿಹೋದರೆ ಜೀನ್ ಹೊಸ ಜಾಗದಲ್ಲಿ ನೆಲೆಯೂರುತ್ತದೆ. ಚೀನಾ 2017ರಲ್ಲಿ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು, ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.

ಆದರೆ ಒಂದು ಔಷಧವನ್ನು ನಿಲ್ಲಿಸಿದೊಡನೆ ಅದರ ಪ್ರತಿರೋಧ ಇಳಿಯುತ್ತದೆ ಎಂಬ ಖಾತರಿಯಿಲ್ಲ. ಡೆನ್ಮಾರ್ಕ್ 1995ರಲ್ಲಿ ಮೇವಿನಲ್ಲಿ ವ್ಯಾಂಕೊಮೈಸಿನ್‌ನ ಸಂಬಂಧಿ ಔಷಧವಾದ ಅವೊಪಾರ್ಸಿನ್ ಬಳಕೆಯನ್ನು ನಿಷೇಧಿಸಿದಾಗ, ಕೋಳಿಗಳ ಕರುಳಿನ ಎಂಟರೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ವ್ಯಾಂಕೊಮೈಸಿನ್ ಪ್ರತಿರೋಧ ಇಳಿಯಿತು, ಹಂದಿಗಳಲ್ಲಿ ಕೆಲವು ವರ್ಷ ಇಳಿಯಲೇ ಇಲ್ಲ. ಆ ಹಂದಿಗಳಿಗೆ ಟೈಲೊಸಿನ್ ಎಂಬ ಇನ್ನೊಂದು ಔಷಧ ಕೊಡಲಾಗುತ್ತಿತ್ತು, ಎರಡರ ಪ್ರತಿರೋಧವೂ ಒಂದೇ ಪ್ಲಾಸ್ಮಿಡ್‌ನಲ್ಲಿದ್ದವು. ಟೈಲೊಸಿನ್ ಬಳಕೆ 1998ರಲ್ಲಿ ಕುಸಿದ ಮೇಲೆ ಹಂದಿಗಳಲ್ಲೂ ಪ್ರತಿರೋಧ ತಗ್ಗಿತು. ತಾಮ್ರವನ್ನು ತಾಳುವ ಜೀನ್ ಕೂಡ ಇದೇ ರೀತಿ ಇತರ ಪ್ರತಿರೋಧಗಳ ಬೆನ್ನಿಗೆ ಅಂಟಿಕೊಂಡಿರುವುದು ಅಲ್ಲಿನ ಹಂದಿಗಳಲ್ಲಿ ಕಂಡುಬಂದಿದೆ, ಆದ್ದರಿಂದ ಮೇವಿನ ತಾಮ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರಾಣಿಯಿಂದ ಮನುಷ್ಯನಿಗೆ ದಾಟುವ ಬಗ್ಗೆ ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ 1976ರಲ್ಲೇ ಪುರಾವೆ ಕೊಟ್ಟಿದ್ದರು. ಟೆಟ್ರಾಸೈಕ್ಲಿನ್ ಬೆರೆಸಿದ ಮೇವು ತಿಂದ ಕೋಳಿಗಳ ಕರುಳಿನಲ್ಲಿ ಒಂದು ವಾರದೊಳಗೆ ಬಹುಪಾಲು ಬ್ಯಾಕ್ಟೀರಿಯಾಗಳು ಪ್ರತಿರೋಧ ತೋರಿದವು, ಐದಾರು ತಿಂಗಳಲ್ಲಿ ಆ ಕೋಳಿ ಸಾಕಣೆಯ ಮನೆಯವರ ಮಲದಲ್ಲೂ ಅಂಥವು ಹೆಚ್ಚಿದವು. ನೆರೆಹೊರೆಯವರಲ್ಲಿ ಅಷ್ಟು ಏರಿಕೆ ಇರಲಿಲ್ಲ.

ಹೊಲಕ್ಕೆ ಸುರಿದ ಗೊಬ್ಬರದ ವಿಷಯದಲ್ಲಿ ಲೆಕ್ಕ ಇನ್ನಷ್ಟು ಜಟಿಲ. ಐಎನ್‌ಸಿ-ಪಿ ಗುಂಪಿನ ಪ್ಲಾಸ್ಮಿಡ್‌ಗಳು ಪರಸ್ಪರ ಬಹುದೂರದ ಪ್ರಭೇದಗಳಲ್ಲೂ ನೆಲೆಗೊಳ್ಳಬಲ್ಲವಾದ್ದರಿಂದ, ಕರುಳಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಸತ್ತರೂ ಅದರ ಪ್ಲಾಸ್ಮಿಡ್ ಮಣ್ಣಿನದೇ ಜೀವಿಯೊಳಗೆ ಉಳಿಯಬಹುದು. ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಂಡುಗಳಲ್ಲಿ ಓದುವ ವಿಧಾನ ಇಲ್ಲಿ ಕೈಕೊಡುತ್ತದೆ. ನೆಗೆಯುವ ತುಣುಕುಗಳು ಒಂದೇ ಉಂಗುರದಲ್ಲಿ ಹಲವು ಕಡೆ ಪುನರಾವರ್ತನೆಯಾಗುವುದರಿಂದ, ಯಾವ ತುಂಡು ಯಾವುದರ ಪಕ್ಕದ್ದೆಂದು ಜೋಡಿಸಲಾಗದೆ, ಜೀನ್‌ಗಳ ಪಟ್ಟಿ ಸಿಗುತ್ತದೆಯೇ ಹೊರತು ಅವುಗಳ ನೆರೆಹೊರೆ ಸಿಗುವುದಿಲ್ಲ. ಟೈಲೊಸಿನ್ ನಿಲ್ಲುವವರೆಗೆ ವ್ಯಾಂಕೊಮೈಸಿನ್ ಪ್ರತಿರೋಧ ಏಕೆ ಇಳಿಯಲಿಲ್ಲ ಎಂಬುದನ್ನು ಅಂಥ ಪಟ್ಟಿಯಿಂದ ಊಹಿಸಲಾಗುತ್ತಿರಲಿಲ್ಲ. ಆದ್ದರಿಂದಲೇ ಸಾವಿರ ಮಾದರಿಗಳ ಜೀನ್ ಎಣಿಕೆಗಿಂತ, ಉದ್ದನೆಯ ಓದಿನಿಂದ ಮೊದಲಿಂದ ಕೊನೆಯವರೆಗೆ ಮುಚ್ಚಿಕೊಂಡ ಐವತ್ತು ಉಂಗುರಗಳನ್ನು ನಾನು ಹೆಚ್ಚು ನಂಬುತ್ತೇನೆ.