ಜಲಾಶಯಕ್ಕೆ ಮರಿ ಬಿಟ್ಟರೆ ಮೀನು ಬಂದುಬಿಡುತ್ತಾ? ತುಂಗಭದ್ರೆಯ ನೀರೊಳಗಿನ ಲೆಕ್ಕ

[ದೃಶ್ಯ: ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯ, ಮೇಲಿನಿಂದ. ಹರಿಗೋಲಿನಲ್ಲಿ ಬಲೆ ಎಳೆಯುತ್ತಿರುವವರು.]

ನಿರೂಪಣೆ: ತುಂಗಭದ್ರಾ ಜಲಾಶಯ ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಇಷ್ಟು ನೀರಿದ್ದರೆ ಮೀನಿಗೇನು ಬರ ಅನ್ನಿಸುವುದು ಸಹಜ. ಆದರೆ ಸಾಕಣೆ ಕೊಳದ ಹಾಗೆ ಇಲ್ಲಿ ಯಾರೂ ಹಿಂಡಿ, ತೌಡು ಹಾಕುವುದಿಲ್ಲ. ನೀರು ಏನು ಬೆಳೆಯುತ್ತದೋ ಅದೇ ಮೀನಿನ ಊಟ.

[ಚಿತ್ರ: ಪಾಚಿ, ದಾಫ್ನಿಯಾ, ಕಾಟ್ಲಾ, ಬಾಳೆ ಮೀನು. ಒಂದರಿಂದ ಇನ್ನೊಂದಕ್ಕೆ ಬಾಣ.]

ಬಿಸಿಲು ಕುಡಿದು ಬೆಳೆಯುವುದು ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ. ಅದನ್ನು ದಾಫ್ನಿಯಾ, ಸೈಕ್ಲಾಪ್ಸ್‌ನಂಥ ಪ್ರಾಣಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಪುಟ್ಟ ಪ್ರಾಣಿಗಳು ತಿನ್ನುತ್ತವೆ, ಅವನ್ನು ಕಾಟ್ಲಾ ತಿನ್ನುತ್ತದೆ, ಕಾಟ್ಲಾ ಮರಿಯನ್ನು ಬಾಳೆ ಮೀನು ನುಂಗುತ್ತದೆ. ಒಂದೊಂದು ಮೆಟ್ಟಿಲು ಏರುವಾಗಲೂ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮಾಂಸವಾಗಿ ಉಳಿಯುತ್ತದೆ. ಅಂದರೆ ಅಂದಾಜು 1000 ಕೆಜಿ ಪಾಚಿಗೆ 10 ಕೆಜಿ ಕಾಟ್ಲಾ, ಬಾಳೆ ಮೀನು ಬರೀ 1 ಕೆಜಿ. ಮೆಟ್ಟಿಲು ಕಡಿಮೆಯಾದಷ್ಟೂ ಬಲೆ ಭಾರ.

[ಹತ್ತಿರದ ದೃಶ್ಯ: ಕಾಟ್ಲಾದ ಕಿವಿರು ಮುಚ್ಚಳ ಎತ್ತಿ ತೋರಿಸುವುದು.]

ಇಲ್ಲಿ ನೋಡಿ. ಕೆಂಪು ಕಿವಿರಿನ ಒಳಬದಿಯಲ್ಲಿ ಬಿಳಿ ಮುಳ್ಳುಗಳ ಸಾಲು, ಒತ್ತೊತ್ತಾಗಿ, ಬಾಚಣಿಗೆಯ ಹಲ್ಲಿನಂತೆ. ನೀರು ಹೊರಗೆ ಹೋಗುತ್ತದೆ, ಪ್ಲಾಂಕ್ಟನ್ ಒಳಗೆ ಉಳಿಯುತ್ತದೆ. ಬಾಯಿ ಮೇಲ್ಮುಖ, ಏಕೆಂದರೆ ಅದು ಮೇಯುವುದು ಮೇಲಿನ ನೀರಲ್ಲಿ. ಈಗ ಮೃಗಾಲ್: ಬಾಯಿ ಕೆಳಗಿದೆ, ಕರುಳು ಉದ್ದ, ಸೀಳಿದರೆ ಒಳಗೆ ಕೆಸರು ಮತ್ತು ಕೊಳೆತ ಕಸ. ರೋಹು ಮಧ್ಯದ ನೀರಿನದು. ಕಲ್ಲು, ಮುಳುಗಿದ ಮರದ ಬೊಡ್ಡೆಗಳಿಗೆ ಅಂಟಿದ ಪಾಚಿಯನ್ನೂ ಕೆರೆಯುತ್ತದೆ. ಮೂರನ್ನೂ ಒಟ್ಟಿಗೆ ಬಿಡುವುದು ರೂಢಿ ಅಂತಲ್ಲ. ಒಂದರ ತಟ್ಟೆಗೆ ಇನ್ನೊಂದು ಹೆಚ್ಚು ಕೈ ಹಾಕುವುದಿಲ್ಲ.

[ದೃಶ್ಯ: ಬೇಸಿಗೆಯ ಒಣ ಅಂಚು, ಮೇಯುತ್ತಿರುವ ಕುರಿಗಳು.]

ನಮ್ಮ ಜಲಾಶಯಗಳ ದೊಡ್ಡ ತೊಡಕು ನೀರಿನ ಏರಿಳಿತ. ಮುಂಗಾರಿನಲ್ಲಿ ತುಂಬಿ, ಕಾಲುವೆಗೆ ಹರಿದು, ಬೇಸಿಗೆ ಹೊತ್ತಿಗೆ ಅಂಚು ಒಣಗುತ್ತದೆ. ಹಾಗಾಗಿ ದಡದಲ್ಲಿ ಜಲಸಸ್ಯ ನೆಲೆಯೂರುವುದಿಲ್ಲ, ಕೆಸರಿನ ಹುಳುಗಳು ಒಣಗಿ ಸಾಯುತ್ತವೆ. ಒಂದು ಲಾಭವೂ ಇದೆ: ಒಣ ನೆಲದಲ್ಲಿ ಬೆಳೆದ ಹುಲ್ಲು, ಬಿದ್ದ ಸಗಣಿ, ಹಿಕ್ಕೆ ಮತ್ತೆ ಮುಳುಗಿದಾಗ ಕೊಳೆತು ಗೊಬ್ಬರವಾಗುತ್ತವೆ. ಆದರೆ ಪ್ರವಾಹದ ಕೆಂಪು ನೀರಿನಲ್ಲಿ ಬಿಸಿಲು ಇಳಿಯದು, ಕ್ರೆಸ್ಟ್ ಗೇಟು ತೆರೆದರೆ ಪ್ಲಾಂಕ್ಟನ್ ಕೊಚ್ಚಿಹೋಗುತ್ತದೆ. ಮಣ್ಣು ಕೂತು ನೀರು ಹಸಿರು ಛಾಯೆಗೆ ತಿರುಗಿದ ಮೇಲೆಯೇ ಊಟ ಸಿದ್ಧ.

ಅದನ್ನು ಅಳೆಯುವುದು ಸುಲಭ. 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳಿ ಬಳಿದ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ, ಹರಿಗೋಲಿನ ನೆರಳಿನ ಬದಿಯಲ್ಲಿ ಇಳಿಸಿ. ಕಣ್ಮರೆಯಾದ ಆಳ, ಮತ್ತೆ ಎತ್ತುವಾಗ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ನೀರಿನ ಬಣ್ಣವನ್ನೂ ಬರೆಯಿರಿ. 30 ಸೆಂಟಿಮೀಟರಿಗೇ ತಟ್ಟೆ ಮರೆಯಾದರೆ ಅದು ಮಣ್ಣಿನಿಂದಲೋ ಪಾಚಿಯಿಂದಲೋ ಅನ್ನುವುದನ್ನು ತಟ್ಟೆ ಹೇಳುವುದಿಲ್ಲ.

[ಪರದೆಯಲ್ಲಿ ಲೆಕ್ಕ.]

ಮರಿ ಎಷ್ಟು ಬಿಡಬೇಕು? ತುಂಬಿದ ವಿಸ್ತೀರ್ಣ ಹಿಡಿಯಬೇಡಿ. ತುಂಬಿದಾಗಿನ ಮತ್ತು ನೀರು ತಳಮಟ್ಟಕ್ಕೆ ಇಳಿದಾಗಿನ ವಿಸ್ತೀರ್ಣದ ಸರಾಸರಿ ತೆಗೆದುಕೊಳ್ಳಿ. ಒಂದು ಸಣ್ಣ ಜಲಾಶಯ, ಸರಾಸರಿ 200 ಹೆಕ್ಟೇರ್ ಅನ್ನೋಣ. ಹೆಕ್ಟೇರಿಗೆ 100 ಕೆಜಿ ಗುರಿ ಇಟ್ಟರೆ 20,000 ಕೆಜಿ. ಮೀನು 1 ಕೆಜಿಗೆ ಬಂದಾಗ ಹಿಡಿಯುವುದಾದರೆ 20,000 ಮೀನು ಬೇಕು. ಬಿಟ್ಟದ್ದರಲ್ಲಿ ನೂರಕ್ಕೆ 40 ಬಲೆಗೆ ಬರುತ್ತವೆ ಅಂದುಕೊಂಡರೆ 50,000 ಮರಿ, ಅಂದರೆ ಹೆಕ್ಟೇರಿಗೆ 250.

ಈ 40 ನಿಲ್ಲುವುದು ಮರಿ 100 ಮಿಲಿಮೀಟರ್ ಉದ್ದ ದಾಟಿದ್ದರೆ ಮಾತ್ರ. ಅಗ್ಗ ಅಂತ 25 ಮಿಲಿಮೀಟರ್ ಮರಿ ತಂದು ಸುರಿದರೆ ಬಾಳೆ ಮೀನಿಗೂ ಕೊರವನಿಗೂ ಹಬ್ಬ. ಮುಂಗಾರಿನಲ್ಲಿ ಕೊಂಡ ಸಣ್ಣ ಮರಿಯನ್ನು ದಡದ ಕೊಳದಲ್ಲೋ ಬಲೆ ಆವರಣದಲ್ಲೋ 2-3 ತಿಂಗಳು ಬೆಳೆಸಿ, ಕೋಡಿ ನಿಂತ ಮೇಲೆ ಬಿಡಿ. ಮರಿಯಿರುವ ಚೀಲವನ್ನು 15-20 ನಿಮಿಷ ನೀರಲ್ಲಿ ತೇಲಿಸಿ, ಜಲಾಶಯದ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಬೆಳಗಿನ ಹೊತ್ತು ಬೇರೆ ಬೇರೆ ಕೊಲ್ಲಿಗಳಲ್ಲಿ ಹಂಚಿ ಬಿಡಬೇಕು. ಗೇಟಿನ ಹತ್ತಿರ ಬೇಡವೇ ಬೇಡ.

[ಹಳೆಯ ನಕ್ಷೆ: ಸತ್ಲಜ್ ನದಿ, ಭಾಕ್ರಾ ಅಣೆಕಟ್ಟು.]

ಪಾಚಿಯನ್ನೇ ನೇರ ತಿನ್ನುವ ಬೆಳ್ಳಿ ಗೆಂಡೆ (ಸಿಲ್ವರ್ ಕಾರ್ಪ್) ಬಿಟ್ಟರೆ ಒಂದು ಮೆಟ್ಟಿಲು ಉಳಿಯಿತಲ್ಲ ಅಂತ ಕೇಳುವವರಿದ್ದಾರೆ. ಭಾಕ್ರಾ ಅಣೆಕಟ್ಟಿನ ಹಿಂದಿರುವ ಹಿಮಾಚಲದ ಗೋಬಿಂದಸಾಗರ ಜಲಾಶಯಕ್ಕೆ 1971ರ ಪ್ರವಾಹದಲ್ಲಿ ಒಂದು ಮೀನು ಸಾಕಣೆ ಕೇಂದ್ರದಿಂದ ಅದು ಆಕಸ್ಮಿಕವಾಗಿ ಸೇರಿತು. ಅಲ್ಲೇ ಮೊಟ್ಟೆಯಿಟ್ಟು ಹಬ್ಬಿತು, ಕಾಟ್ಲಾ ಹಿಂದೆ ಬಿತ್ತು. ಅದು ಪ್ರಾಣಿ ಪ್ಲಾಂಕ್ಟನ್ನಿಗೂ ಬಾಯಿ ಹಾಕುತ್ತದೆ, ಹಿಡಿದ ಮೇಲೆ ಬೇಗ ಕೆಡುತ್ತದೆ ಕೂಡ. ಜಿಲೇಬಿ ಮೀನಿನದೂ (ತಿಲಾಪಿಯಾ) ಇಂಥದ್ದೇ ಕಥೆ, ಒಮ್ಮೆ ನೆಲೆಯೂರಿದರೆ ತೆಗೆಯಲಾಗದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗಂತೂ ದೇಶದಲ್ಲೇ ನಿಷೇಧ.

[ದೃಶ್ಯ: ದಡಕ್ಕೆ ಎಳೆಯುವ ಉದ್ದ ಬಲೆ.]

ತುಂಗಭದ್ರೆಯಲ್ಲಿ ಹೆಸರುವಾಸಿಯಾದದ್ದು ಅಲಿವಿ ಬಲೆ. ಬಹಳ ಉದ್ದ, ಕಣ್ಣು ತೀರಾ ಚಿಕ್ಕದು. ಸಣ್ಣ ಜಾತಿಯ ಮೀನು ಹಿಡಿಯುವುದರಿಂದ ನಷ್ಟವಿಲ್ಲ, ಅವು ಕಾಟ್ಲಾದ ಊಟಕ್ಕೇ ಪಾಲುದಾರರು. ಆದರೆ ಅದೇ ಎಳೆತದಲ್ಲಿ ಹೋದ ತಿಂಗಳು ಬಿಟ್ಟ ಕಾಟ್ಲಾ, ರೋಹು ಮರಿಗಳೂ ದಡ ಸೇರುತ್ತವೆ. ಕಿವಿರು ಬಲೆಯಲ್ಲಿ ಆಯ್ಕೆ ಸಾಧ್ಯ. ಕಣ್ಣನ್ನು ಎಳೆದಾಗ 4 ಇಂಚು ಇದ್ದರೆ ಅದರ ಸುತ್ತಳತೆ 8 ಇಂಚು. ಮೈ ಸುತ್ತಳತೆ ಅದಕ್ಕಿಂತ ತುಸು ಹೆಚ್ಚಿರುವ ಮೀನು ಸಿಕ್ಕಿಕೊಳ್ಳುತ್ತದೆ, ಕಡಿಮೆಯದ್ದು ನುಸುಳಿ ಹೋಗುತ್ತದೆ. ನಿಮಗೆ ಬೇಕಾದ ಗಾತ್ರದ ಮೀನಿಗೆ ದಾರ ಸುತ್ತಿ ಅಳೆದು, ಆಮೇಲೆ ಬಲೆ ಕೊಳ್ಳಿ.

[ದೃಶ್ಯ: ತಕ್ಕಡಿ, ಪಕ್ಕದಲ್ಲಿ ನೋಟ್‌ಪುಸ್ತಕ.]

ಹಿಡಿದ ದಿನ ಜಾತಿ, ಎಣಿಕೆ, ತೂಕ, ಎಷ್ಟು ಬಲೆ ಹಾಕಿದಿರಿ, ಇಷ್ಟು ಬರೆದಿಡಿ. ಒಂದೇ ವಯಸ್ಸಿನ ಕಾಟ್ಲಾ ಎಣಿಕೆಯಲ್ಲಿ ಹೆಚ್ಚಿ, ಸರಾಸರಿ ತೂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಊಟಕ್ಕಿಂತ ಬಾಯಿ ಜಾಸ್ತಿಯಾಗಿದೆ, ಮುಂದಿನ ಬಿತ್ತನೆಯಲ್ಲಿ ಮರಿ ಇಳಿಸಿ. ಸಿಕ್ಕ ನಾಲ್ಕಾರು ಮೀನು ಮಾತ್ರ ದಷ್ಟಪುಷ್ಟವಾಗಿದ್ದರೆ ಊಟ ದಂಡವಾಗುತ್ತಿದೆ. ಆಗ ಮರಿ ಹೆಚ್ಚಿಸುವ ಮೊದಲು, ಬಿಟ್ಟ ಮರಿಯ ಉದ್ದ ಎಷ್ಟಿತ್ತು, ಕೋಡಿ ನಿಲ್ಲುವ ಮುಂಚೆಯೇ ಬಿಟ್ಟಿದ್ದಿರಾ, ಇವೆರಡನ್ನು ನೋಡಿ.